ಕಣಜವೂ ಕರುಣೆಯೂ

‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?’ ಎಂಬ ಗಾದೆಯೂ ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯೂ ಕನ್ನಡ ನಾಡಿನ ಒಕ್ಕಲುಮಕ್ಕಳ ನಾಲಗೆಯ ಮೇಲೆ ತಲೆತಲಾಂತರದಿಂದ ಒಟ್ಟಿಗೇ ನೆಲೆಸಿವೆ. ಒಂದು ದೈವದ ಭರವಸೆಯನ್ನು ಸಾರಿದರೆ ಇನ್ನೊಂದು ಮನುಷ್ಯನ ಎಚ್ಚರವನ್ನು ಸಾರುತ್ತದೆ. ಮೇಲ್ನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವೆಂದು ತೋರುವುದು ಸಹಜ. ದೇವರು ಸಾಕುವನೆಂಬ ನಂಬಿಕೆ ದೃಢವಾಗಿದ್ದ ಪಕ್ಷದಲ್ಲಿ ನಾಳೆಯ ಚಿಂತೆಯೇಕೆ? ನಾಳೆಯ ಚಿಂತೆಯಿಂದ ಕಣಜ ಕಟ್ಟಿದವನಿಗೆ ದೇವರಲ್ಲಿ ನಂಬಿಕೆಯಿದೆಯೆಂದು ಹೇಳುವುದಾದರೂ ಹೇಗೆ? ಇದು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದ ಜಿಜ್ಞಾಸೆಯೇನೂ ಅಲ್ಲ. ಮಗ್ಗೆಯ ಸುತ್ತಿನ ಬೆಳೆಗಾರನ ಮನೆಯಲ್ಲಿ, ವಿದ್ಯಾರ್ಥಿನಿಲಯದ ಉಗ್ರಾಣದಲ್ಲಿ, ಪರೀಕ್ಷೆಗೆ ಕೂಡುವ ಬಾಲಕನ ಮನಸ್ಸಿನಲ್ಲಿ ಅದು ವರ್ಷಕ್ಕೊಮ್ಮೆಯಾದರೂ ತಲೆಯೆತ್ತುತ್ತದೆ. ಶರಣರ ನಡೆನುಡಿಗಳನ್ನೂ ಈ ಬೆಟ್ಟನಾಡಿನ ಬೇಸಾಯದ ಅನುಭವವನ್ನೂ ಒಟ್ಟಿಗೆ ಇರಿಸಿಕೊಂಡು ಅದನ್ನು ವಿಚಾರಿಸುವುದು ಉಚಿತ.

ಮೊದಲು ಎರಡನೆಯ ಗಾದೆಯನ್ನೇ ಪರಿಶೀಲಿಸಬಹುದು. ಇತ್ತೀಚೆಗೆ ಅದನ್ನು ಸಮಯಸಾಧಕರ ನಡತೆಗೆ ಅನ್ವಯಿಸಿ ಆಡುವುದು ರೂಢಿಯಾಗಿದೆ. ಆದರೆ ಅದು ಹುಟ್ಟಿದ್ದು ಕಣದಲ್ಲಿ. ಕೊಯ್ದ ಪೈರನ್ನು ಹೊತ್ತು ತಂದು, ಒಣಗಿಸಿ, ಬಡಿದೋ ತುಳಿಸಿಯೋ ಕಾಳನ್ನು ಬಿಡಿಸಿ, ಹುಲ್ಲನ್ನು ಕೊಡವಿ ತೆಗೆದು, ಜೊಳ್ಳು ಬೆರೆತ ರಾಶಿಯನ್ನು ಒಂದೆಡೆ ಕೂಡಿಸಿ ಒಕ್ಕಲಿಗನು ಮೊರ ಹಿಡಿದು ನಿಲ್ಲುತ್ತಾನೆ. ಅಲ್ಲಿಯವರೆಗಿನ ದುಡಿಮೆಯೆಲ್ಲ ಅವನದು. ಜೊಳ್ಳನ್ನು ಹಾರಿಸಿ ಕಾಳನ್ನು ಉಳಿಸಿಕೊಡುವ ಗಾಳಿ ಮಾತ್ರ ಅವನದಲ್ಲ. ಅದನ್ನು ಸಾಲ ತರಲಾಗದು, ಕೂಲಿಗೆ ಕರೆಯಲಾಗದು. ಅದು ಬೀಸಿದ ಗಳಿಗೆಯಲ್ಲಿ ಪೈರು ಇನ್ನೂ ಬಣವೆಯಲ್ಲಿಯೇ ಇದ್ದರೆ ಬಂದ ಗಾಳಿ ಬಂದಂತೆಯೇ ಹೋಗುತ್ತದೆ. ಗಾಳಿಯನ್ನು ನಂಬಿದವನೇ ರಾಶಿಯನ್ನು ಸಿದ್ಧಮಾಡಿಟ್ಟುಕೊಳ್ಳುವನು. ಗಾಳಿ ಬರುವುದೇ ಇಲ್ಲವೆಂದು ತಿಳಿದವನು ಪೈರನ್ನು ಬಡಿಯುವ ಗೋಜಿಗೇ ಹೋಗಲಾರನು. ಗಾದೆಯ ಮೂಲಾರ್ಥ ಇದು. ಒಕ್ಕಣೆಯ ಯಂತ್ರಗಳು ಬಂದ ಬಳಿಕ ಗಾಳಿಗಾಗಿ ಕಾಯುವ ಕಣಗಳೇ ವಿರಳವಾಗಿವೆ. ಗಾದೆಯ ಅರ್ಥ ಹೀಗೆ ಕೆಟ್ಟುದಕ್ಕೆ ಅದೂ ಒಂದು ಕಾರಣವಾಗಿದ್ದೀತು.

ಆಲೂರು ಸಕಲೇಶಪುರಗಳ ಗುಡ್ಡಸಾಲಿನಲ್ಲಿ ಈ ಪಾಠವನ್ನು ಮಳೆಯೇ ಕಲಿಸುತ್ತದೆ. ಹಾಸನದಲ್ಲಿ ವರ್ಷಕ್ಕೆ ಸರಾಸರಿ ೧೦೦೦ ಮಿಲಿಮೀಟರಿನೊಳಗೆ ಇರುವ ಮಳೆಯು ಪಶ್ಚಿಮಕ್ಕೆ ಸುಮಾರು ನಲವತ್ತು ಕಿಲೋಮೀಟರು ಸಾಗಿ ಸಕಲೇಶಪುರವನ್ನು ಮುಟ್ಟುವಷ್ಟರಲ್ಲಿ ೨೦೦೦ ಮಿಲಿಮೀಟರನ್ನು ಮೀರುತ್ತದೆ. ಮಗ್ಗೆಯ ಸೀಮೆ ಈ ಎರಡರ ನಡುವಣದು. ಇಲ್ಲಿನ ರೈತನು ಒಂದು ವರ್ಷ ಮಲೆನಾಡಿಗನಂತೆ ಅತಿವೃಷ್ಟಿಗೆ ಅಂಜಬೇಕು. ಮತ್ತೊಂದು ವರ್ಷ ಬಯಲುಸೀಮೆಯವನಂತೆ ಮುಗಿಲು ನೋಡುತ್ತ ಕೂಡಬೇಕು.

ಕಾಫಿಯ ಬೆಳೆಯನ್ನೇ ನೋಡಬಹುದು. ಕೊಯ್ಲು ಮುಗಿದ ಬಳಿಕ ಗಿಡಕ್ಕೆ ಕಸಿ ಮಾಡಬೇಕು, ಕಂಬಚಿಗುರು ತೆಗೆಯಬೇಕು, ಹೊತ್ತಿಗೆ ಸರಿಯಾಗಿ ಮರಗಸಿ ಮಾಡಿ ನೆರಳನ್ನು ಹದಗೊಳಿಸಬೇಕು. ಇಷ್ಟಾದ ಮೇಲೆ ಮೊಗ್ಗು ಕಟ್ಟಿದ ಗಿಡವು ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಒಂದು ಹದವಾದ ಹೂಮಳೆಗಾಗಿ ಕಾಯುತ್ತದೆ. ಆ ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗೆ ಅರಳಿ ಘಮಘಮಿಸುತ್ತದೆ. ಕಾಯಿ ನಿಲ್ಲಲು ಮುಂದೆ ಹಿಮ್ಮಳೆಯೂ ಆಗಬೇಕು. ಹೂ ಅರಳಿದ ದಿನವೇ ಜಡಿಮಳೆ ಸುರಿದರೆ ಪರಾಗ ತೊಳೆದುಹೋಗಿ ಕಾಯಿ ಕಟ್ಟುವುದು ಕುಗ್ಗುತ್ತದೆ. ಕೆರೆ ಹೊಂಡ ಉಳ್ಳವರು ರೊಬಸ್ಟಾ ತೋಟಕ್ಕೆ ತುಂತುರು ನೀರು ಹಾಯಿಸಿ ಹೂಮಳೆಯ ಕೊರತೆಯನ್ನು ನೀಗಿಕೊಳ್ಳುತ್ತಾರೆ. ಆದರೆ ಆ ಕೆರೆಯಲ್ಲಿ ನಿಂತಿರುವುದೂ ಹಿಂದಣ ವರ್ಷದ ಮಳೆಯ ನೀರೇ ತಾನೆ? ನೀರನ್ನು ಹಿಡಿದಿಟ್ಟವನು ಜಾಣನೆಂಬುದು ನಿಜ. ನೀರನ್ನು ಉಂಟುಮಾಡಿದವನು ಅವನಲ್ಲ. ಮಳೆಗಾಲದ ರೋಗಗಳ ವಿಷಯವೂ ಹಾಗೆಯೇ. ಅಡಕೆಯ ಕೊಳೆರೋಗಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಸೇರಿದ ಬೋರ್ಡೋ ದ್ರಾವಣವನ್ನು ಮುಂಗಾರು ಕಾಲೂರುವ ಮುನ್ನವೇ ಹೊಡೆದಿರಬೇಕು. ಮಳೆ ಹಿಡಿದ ಮೇಲೆ ಹೊಡೆಯಲು ಹೊರಟವನಿಗೆ ಒಣಗಿದ ಗೊನೆಯೇ ಸಿಗದು. ಎಷ್ಟು ಭಕ್ತಿಯಿದ್ದರೂ ತಪ್ಪಿದ ಆ ಹದಿನೈದು ದಿನಗಳನ್ನು ಹಿಂದಕ್ಕೆ ತರುವ ಉಪಾಯವಿಲ್ಲ.

ಮನೆಯೊಳಗಿನ ಸಿದ್ಧತೆಯಾದರೂ ಸಾಮಾನ್ಯವಾದುದಲ್ಲ. ಹಿಂದಣ ತಲೆಮಾರಿನ ಮಲೆನಾಡ ಗೃಹಿಣಿಗೆ ಮೃಗಶಿರ ಮಳೆಯೆಂದರೆ ಒಂದು ಗಡುವು. ಅಷ್ಟರೊಳಗೆ ಸೌದೆ ಸೀಳಿ ಕೊಟ್ಟಿಗೆಯ ಪಕ್ಕದಲ್ಲಿ ಒಟ್ಟಿರಬೇಕು; ಮಾಡಿನ ಹೆಂಚು ಕೈಯಾಡಿಸಿರಬೇಕು; ಹಲಸಿನ ಹಪ್ಪಳ ಒಣಗಿ ಡಬ್ಬಿ ಸೇರಿರಬೇಕು; ಮಾವಿನ ಮಿಡಿ ಉಪ್ಪಿನಲ್ಲಿ ಮುಳುಗಿರಬೇಕು; ಕಂಬಳಿ ಗೊರಬುಗಳು ಅಟ್ಟದಿಂದ ಇಳಿದಿರಬೇಕು. ಆರಿದ್ರ ಪುನರ್ವಸು ಮಳೆಗಳಲ್ಲಿ ಹಳ್ಳ ಉಕ್ಕಿ ಸಂತೆಯ ದಾರಿ ಕಟ್ಟಿದರೆ ಮನೆಯಲ್ಲಿ ಇದ್ದುದೇ ಊಟ. ಇಷ್ಟೆಲ್ಲ ಸಂಗ್ರಹ ಮಾಡಿದ ಆ ತಾಯಿಯೇ ಮುಂಜಾನೆ ಮಿಂದು, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ಎಲ್ಲವೂ ನಿನ್ನದೆಂದು ನಿವೇದಿಸುತ್ತಿದ್ದಳು. ಈ ಎರಡರ ನಡುವೆ ವಿರೋಧವಿದೆಯೆಂದು ಆಕೆಗೆ ಎಂದಾದರೂ ತೋರಿದಂತಿಲ್ಲ. ಶಾಸ್ತ್ರ ಓದಿದವರಿಗೆ ತೋರುವ ವಿರೋಧವು ಸಂಸಾರ ನಡೆಸಿದವರಿಗೆ ತೋರದಿರುವುದು ವಿಚಾರಾರ್ಹವಾದ ಸಂಗತಿ.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ನಾಳೆಗೆಂದು ಕೂಡಿಡುವುದನ್ನು ಶರಣರು ಒಪ್ಪಲಿಲ್ಲವೆಂಬುದು ಲೋಕವಿದಿತ. ಅದಕ್ಕೆ ಎಲ್ಲರೂ ಮುಂದಿಡುವ ನಿದರ್ಶನ ಆಯ್ದಕ್ಕಿ ಲಕ್ಕಮ್ಮನದು. ಹಾಗಿರುವಾಗ ಕಣಜ ಕಟ್ಟಿದ ಮಲೆನಾಡಿಗನು ಲಕ್ಕಮ್ಮನ ಮುಂದೆ ತಲೆ ಎತ್ತಿ ನಿಲ್ಲಬಲ್ಲನೇ?

ಕಥೆ ಎಲ್ಲರಿಗೂ ತಿಳಿದುದೇ ಆದರೂ ಅದರ ವಿವರಗಳನ್ನು ಗಮನವಿಟ್ಟು ನೋಡಬೇಕಾಗಿದೆ. ಮಾರಯ್ಯ ಲಕ್ಕಮ್ಮ ದಂಪತಿಗಳು ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರೆಂದು ಪ್ರತೀತಿ. ಅವರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗವೇ ಇದೆ. ಶರಣರ ಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಶಿವಾನುಭವದ ಮಾತಿನಲ್ಲಿ ಮೈಮರೆತಾಗ ಕಾಯಕದ ಹೊತ್ತು ಮೀರುತ್ತಿದೆಯೆಂದು ನೆನಪಿಸಿ ಅವನನ್ನು ಎಬ್ಬಿಸಿದವಳು ಲಕ್ಕಮ್ಮ. ಎದ್ದು ಹೋದ ಮಾರಯ್ಯ ಅಂದು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಪರೀಕ್ಷಾರ್ಥವಾಗಿ ಹೆಚ್ಚು ಚೆಲ್ಲಿಸಿದ್ದರೆಂದು ಹೇಳುವುದುಂಟು. ಲಕ್ಕಮ್ಮ ಅದನ್ನು ಮುಟ್ಟಲಿಲ್ಲ. ಇಂಥ ಆಸೆ ರಾಜ್ಯವಾಳುವವರಿಗೆ ತಕ್ಕುದು, ಶಿವನನ್ನು ನೆಚ್ಚಿದವರಿಗೆ ತಕ್ಕುದಲ್ಲ ಎಂಬ ಅರ್ಥದಲ್ಲಿ ಗಂಡನನ್ನು ತಿದ್ದಿ, ಹೆಚ್ಚಿನ ಅಕ್ಕಿಯನ್ನು ಮೊದಲಿದ್ದಲ್ಲಿಗೇ ಹಿಂದಿರುಗಿಸಿದಳು. ಉಳಿದ ಅಷ್ಟರಲ್ಲಿಯೇ ಆಕೆ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರನ್ನು ತೃಪ್ತಿಪಡಿಸಿದಳೆಂದು ಪರಂಪರೆ ಕೊಂಡಾಡುತ್ತದೆ.

ಉಪನ್ಯಾಸಗಳಲ್ಲಿ ಈ ಪ್ರಸಂಗದ ಕೊನೆಯ ಪವಾಡಕ್ಕೆ ಸಿಕ್ಕಷ್ಟು ಪ್ರಾಶಸ್ತ್ಯ ಅದರ ಮೊದಲಿಗೆ ಸಿಕ್ಕಿಲ್ಲ. ಅಕ್ಕಿ ಹೆಚ್ಚಾಯಿತೆಂದು ಲಕ್ಕಮ್ಮನಿಗೆ ತಿಳಿದುದು ಹೇಗೆ? ಆಕೆಗೆ ಅಳತೆ ಗೊತ್ತಿತ್ತು. ದಿನಕ್ಕೆ ಎಷ್ಟು ಬೇಕು, ಎಷ್ಟು ಮಂದಿಗೆ ಅಡಿಗೆಯಾಗಬೇಕು, ಯಾವ ಹೊತ್ತಿಗೆ ಮಾರಯ್ಯ ಮನೆಯಿಂದ ಹೊರಡಬೇಕು ಎಂಬುದೆಲ್ಲ ಆಕೆಯ ಲೆಕ್ಕದಲ್ಲಿತ್ತು. ನಾಳಿನ ಪರಿವೆಯೇ ಇಲ್ಲದೆ, ಬಂದುದು ಬರಲಿ ಎಂದು ಕುಳಿತ ಮನೆಯಲ್ಲಿ ಹೆಚ್ಚು ಕಡಿಮೆಯ ಪ್ರಶ್ನೆಯೇ ಹುಟ್ಟುವುದಿಲ್ಲ. ಅಂಥ ಮನೆಯಲ್ಲಿ ಬಂದಷ್ಟೂ ಬೇಕು, ಬಾರದಿದ್ದರೆ ಗೋಳು. ಲಕ್ಕಮ್ಮನದು ಲೆಕ್ಕವಿಟ್ಟ ಸಂಸಾರ. ಆದುದರಿಂದ ಸಿದ್ಧತೆಯನ್ನು ನಿರಾಕರಿಸಿದವಳೆಂದು ಆಕೆಯನ್ನು ಉದಾಹರಿಸುವುದು ಅಷ್ಟು ಯುಕ್ತವಲ್ಲ. ಶೂನ್ಯಸಂಪಾದನೆಯ ಇಡೀ ಬಳಗದಲ್ಲಿ ಆಕೆಯಷ್ಟು ಸಿದ್ಧವಾಗಿರುವ ಗೃಹಿಣಿ ಇನ್ನೊಬ್ಬಳು ಕಾಣಸಿಗುವುದು ಕಷ್ಟ.

ಇದೇ ಸಂದರ್ಭದಲ್ಲಿ ಲಕ್ಕಮ್ಮ ಬಳಸುವ ಎರಡು ಪದಗಳು ಭಾಷಾದೃಷ್ಟಿಯಿಂದಲೂ ಮನನೀಯವಾಗಿವೆ. ಅವು ‘ಒಮ್ಮನ’ ಮತ್ತು ‘ಇಮ್ಮನ’. ‘ಒಂದು’ ಮತ್ತು ‘ಮನ’ ಸೇರಿ ಒಮ್ಮನ, ‘ಎರಡು’ ಮತ್ತು ‘ಮನ’ ಸೇರಿ ಇಮ್ಮನ. ಏಕಾಗ್ರವಾದ ಮನಸ್ಸು, ಇಬ್ಬಗೆಯಾದ ಮನಸ್ಸು ಎಂಬುದು ನೇರವಾದ ಅರ್ಥ. ಆದರೆ ಅಕ್ಕಿಯ ಪ್ರಸ್ತಾಪ ನಡೆದಿರುವ ಕಡೆ ‘ಮಾನ’ ಎಂಬ ಅಳತೆಯ ಧ್ವನಿಯೂ ಅದರ ಹಿಂದೆ ಕೇಳಿಸದಿರದು. ಒಂದು ಅಳತೆಗೆ ಬದಲಾಗಿ ಎರಡು ಅಳತೆ ತಂದಾಗ ಒಂದು ಮನ ಎರಡಾಯಿತೆಂಬುದು ಆಕೆಯ ಆಕ್ಷೇಪಣೆ. ಶಿವನನ್ನು ನಂಬುವ ಮನವೊಂದು; ಶಿವನು ಕೈಬಿಟ್ಟರೆ ಇರಲೆಂದು ಪಕ್ಕಕ್ಕೆ ಎತ್ತಿಡುವ ಮನ ಇನ್ನೊಂದು. ಇವೆರಡು ಒಂದೇ ಎದೆಯಲ್ಲಿ ಬಿಡಾರ ಹೂಡಿದಾಗ ಅಕ್ಕಿಯ ಗಂಟು ದೊಡ್ಡದಾಗುತ್ತದೆ. ಆಕೆ ಹಿಂದಿರುಗಿಸಿದುದು ಆ ಎರಡನೆಯ ಮನವನ್ನು. ಹಳಗನ್ನಡದ ಎರಡಕ್ಷರಗಳ ಸಂಧಿಯಲ್ಲಿ ಇಷ್ಟು ಅರ್ಥ ಅಡಗಿರುವುದನ್ನು ಕಂಡಾಗ ಆ ಬಡ ಹೆಣ್ಣುಮಗಳ ಪ್ರತಿಭೆಗೆ ಬೆರಗಾಗದೆ ಇರಲು ಸಾಧ್ಯವಿಲ್ಲ.

ಇಷ್ಟನ್ನು ಒಪ್ಪಿದರೂ ರೈತನ ತೊಡಕು ಬಿಡಿಸಿದಂತಾಗಲಿಲ್ಲ. ಮಾರಯ್ಯನ ಕಾಯಕ ನಿತ್ಯದ್ದು. ದಿನವೂ ಆಯುವ ಅಕ್ಕಿ ದಿನವೂ ಮುಗಿಯಬೇಕಾದುದು ಸಹಜ. ಭತ್ತ ಬೆಳೆಯುವವನಿಗೆ ದಿನವೂ ಅಂಗಳದಲ್ಲಿ ಅಕ್ಕಿ ಸಿಗುವುದಿಲ್ಲ. ಆತ ಜೇಷ್ಠ ಆಷಾಢಗಳಲ್ಲಿ ಸಸಿಮಡಿ ಹಾಕಿ, ಆಷಾಢ ಶ್ರಾವಣಗಳಲ್ಲಿ ನಾಟಿ ಮಾಡಿ, ಡಿಸೆಂಬರು ಜನವರಿಯ ಹೊತ್ತಿಗೆ ಕೊಯ್ದು ಒಕ್ಕಿ ಮನೆಗೆ ತರುತ್ತಾನೆ. ವರ್ಷಕ್ಕೆ ಒಂದೇ ಬೆಳೆಯಾದಲ್ಲಿ ಅವನ ‘ಇಂದು’ ಎಂಬುದು ಮುನ್ನೂರ ಅರವತ್ತೈದು ದಿನಗಳಷ್ಟು ಉದ್ದ. ಒಂದು ಫಲದಿಂದ ಮುಂದಣ ಫಲದವರೆಗಿನ ಅವಧಿಯೇ ಆತನ ಪಾಲಿಗೆ ಒಂದು ದಿನ. ಅಷ್ಟಕ್ಕೆ ಬೇಕಾದುದನ್ನು ಪಣತದಲ್ಲಿ ತುಂಬಿಟ್ಟರೆ ಲಕ್ಕಮ್ಮನ ಅಳತೆಯನ್ನು ಆತ ಮೀರಿದಂತಾಗುವುದಿಲ್ಲ. ಉಪಾಧ್ಯಾಯನಿಗೆ ಸಂಬಳದಿಂದ ಸಂಬಳಕ್ಕೆ ತಿಂಗಳೊಂದು ದಿನ. ವಿದ್ಯಾರ್ಥಿನಿಲಯಕ್ಕೆ ಜೂನಿನಿಂದ ಏಪ್ರಿಲಿನವರೆಗಿನ ಶಾಲಾವರ್ಷವೇ ಒಂದು ದಿನ. ಅಳತೆ ಕಾಯಕದಿಂದ ಕಾಯಕಕ್ಕೆ ಬೇರೆಯಾಗುತ್ತದೆ. ಒಕ್ಕಲುತನವನ್ನೇ ಕಾಯಕವಾಗಿ ಉಳ್ಳ ಒಕ್ಕಲಿಗ ಮುದ್ದಣ್ಣನೂ ಶರಣರ ಪಂಕ್ತಿಯಲ್ಲಿಯೇ ಇದ್ದಾನೆಂಬುದನ್ನು ಮರೆಯಬಾರದು. ಬೇಸಾಯದ ಪರಿಭಾಷೆಯಲ್ಲಿಯೇ ತತ್ತ್ವ ಹೇಳಿದ ಆತನನ್ನು ಹೊಲ ಉತ್ತುದಕ್ಕಾಗಲಿ ಬೆಳೆ ಕೂಡಿಸಿದುದಕ್ಕಾಗಲಿ ಯಾರೂ ಆಕ್ಷೇಪಿಸಲಿಲ್ಲ.

ಕಣಜದ ಭತ್ತದಲ್ಲಿಯೂ ಎರಡು ಬಗೆ ಉಂಟು. ಊಟದ ಭತ್ತ ಒಂದು, ಬಿತ್ತನೆಯ ಭತ್ತ ಇನ್ನೊಂದು. ಚೆನ್ನಾಗಿ ಬಲಿತ ತೆನೆಗಳನ್ನು ಆರಿಸಿ, ಬೇರೆಯಾಗಿ ಬಡಿದು, ಬಿಸಿಲಿಗೆ ಕಾಯಿಸಿ, ಇಲಿ ಹುಳುಗಳಿಗೆ ಸಿಗದಂತೆ ಬಿತ್ತನೆಯ ಭತ್ತವನ್ನು ಕಾಪಾಡುತ್ತಾರೆ. ಆಹಾರ ಕೊರತೆಯ ತಿಂಗಳುಗಳಲ್ಲಿ ಸಾಲ ಮಾಡಿದರೂ ಮಾಡಿಯಾರೇ ಹೊರತು ಆ ಭತ್ತವನ್ನು ಕುಟ್ಟಿ ಉಣ್ಣಲು ಮಾನವಂತ ಒಕ್ಕಲಿಗನು ಒಪ್ಪುತ್ತಿರಲಿಲ್ಲ. ಕಾಲ ಬಂದಾಗ ಉಪ್ಪುನೀರಿನಲ್ಲಿ ಮುಳುಗಿಸಿ, ತೇಲಿದ ಜೊಳ್ಳನ್ನು ಬಿಸುಟು, ಮುಳುಗಿದ ಗಟ್ಟಿಕಾಳನ್ನು ತೊಳೆದು ಮೊಳಕೆ ಬರಿಸಿ ಕೆಸರಿಗೆ ಎರಚುತ್ತಾರೆ. ವರ್ಷವೆಲ್ಲ ಅತ್ಯಂತ ಜೋಪಾನ ಮಾಡಿದ ಕಾಳನ್ನೇ ಕೊನೆಗೆ ಮಣ್ಣುಪಾಲು ಮಾಡುವ ಧೈರ್ಯ ಇದು. ಇದರಲ್ಲಿ ಸಿದ್ಧತೆ ಎಲ್ಲಿಗೆ ಮುಗಿಯಿತು, ನಂಬಿಕೆ ಎಲ್ಲಿಂದ ಮೊದಲಾಯಿತು ಎಂದು ಗೆರೆಯೆಳೆಯಲು ತರ್ಕಶಾಸ್ತ್ರಿಗಳಿಗೂ ಆಗದು.

ನುಲಿಯ ಚಂದಯ್ಯನ ಕಥೆ ಇನ್ನೂ ಒಂದು ಹೆಜ್ಜೆ ಮುಂದಿನದು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ನೀರಿಗೆ ಬಿದ್ದರೂ ಆತ ಹುಲ್ಲಿನ ಹೊರೆ ಹೊತ್ತು ನುಲಿ ಹೊಸೆಯುವ ಕಾಯಕಕ್ಕೆ ನಡೆದನೆಂದೂ ಲಿಂಗವೇ ಅವನ ಬೆನ್ನು ಹತ್ತಿ ಬಂದಿತೆಂದೂ ಹೇಳುತ್ತಾರೆ. ದೇವರನ್ನು ನೆಪಮಾಡಿಕೊಂಡು ಕೆಲಸ ಬಿಡುವವರಿಗೆ ಇದಕ್ಕಿಂತ ಕಠಿಣವಾದ ಉತ್ತರವನ್ನು ಯಾವ ಧರ್ಮದ ಸಾಹಿತ್ಯದಲ್ಲಾದರೂ ಹುಡುಕಬೇಕಾದೀತು.

ವೈದಿಕ ಪರಂಪರೆಯಲ್ಲಿ ಇದೇ ವಿಷಯಕ್ಕೆ ‘ಯೋಗಕ್ಷೇಮ’ ಎಂಬ ಪದವಿದೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಭಾಷ್ಯಕಾರರು ವಿವರಿಸುತ್ತಾರೆ. ಅನನ್ಯವಾಗಿ ನೆಚ್ಚಿದವರ ಯೋಗಕ್ಷೇಮವನ್ನು ತಾನೇ ಹೊರುವೆನೆಂದು ಭಗವಂತನು ಮಾತು ಕೊಡುವುದು ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ. ೧೯೫೬ರ ಸೆಪ್ಟೆಂಬರು ೧ರಂದು ಸ್ಥಾಪಿತವಾದ ಭಾರತೀಯ ಜೀವ ವಿಮಾ ನಿಗಮವು ತನ್ನ ಲಾಂಛನಕ್ಕೆ ಆರಿಸಿಕೊಂಡುದು ಆ ಮಾತನ್ನೇ. ಉರಿಯುವ ದೀಪ ಆರದಂತೆ ಅದನ್ನು ಎರಡು ಕೈಗಳು ಆವರಿಸಿರುವ ಚಿತ್ರ ಆ ಲಾಂಛನದಲ್ಲಿದೆ. ಭಗವಂತನ ಅಭಯವಾಕ್ಯವನ್ನು ವಿಮೆಯ ಕಂತು ವಸೂಲು 
ಮಾಡುವ ಸಂಸ್ಥೆಯೊಂದು ಧರಿಸಿರುವುದನ್ನು ಕಂಡು ನಗುವವರುಂಟು. ನಗುವುದಕ್ಕೆ ಕಾರಣವಿಲ್ಲ. ಸಾವಿರಾರು ಮಂದಿ ತಂತಮ್ಮ ದುಡಿಮೆಯ ಒಂದೊಂದು ಪಾಲನ್ನು ಒಂದೆಡೆ ಕೂಡಿಸಿ, ಅವರಲ್ಲಿ ಯಾರ ಮನೆಯ ದೀಪ ಅಲುಗಿದರೂ ಎಲ್ಲರೂ ಕೈ ಅಡ್ಡಹಿಡಿಯುವ ವ್ಯವಸ್ಥೆಗೆ ಆ ಚಿತ್ರ ಒಪ್ಪುವಂಥದೇ.

ಹಾಗೆಂದು ಸಿದ್ಧತೆಯೊಂದರಿಂದಲೇ ಎಲ್ಲವೂ ಸಾಧಿಸೀತೆಂಬ ಗರ್ವಕ್ಕೂ ಎಡೆಯಿಲ್ಲ. ೧೮೭೬ರಿಂದ ೧೮೭೮ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರವನ್ನು ಮೈಸೂರು ಸೀಮೆಯ ಹಿರಿಯರು ಬಹುಕಾಲ ನೆನೆಯುತ್ತಿದ್ದರು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿತ್ತು. ಮಡಿದವರೆಲ್ಲ ಸೋಮಾರಿಗಳೆಂದು ಹೇಳುವ ಎದೆಗಾರಿಕೆ ಯಾರಿಗಿದೆ? ತೀರ ಈಚೆಗೆ, ೨೦೧೮ರ ಆಗಸ್ಟಿನಲ್ಲಿ, ಕೊಡಗಿನಂತೆ ಸಕಲೇಶಪುರದ ಘಟ್ಟದಂಚಿನಲ್ಲಿಯೂ ಮಳೆ ಮಿತಿಮೀರಿ ಸುರಿದು ಗುಡ್ಡಗಳು ಜರಿದವು. ಶಿರಾಡಿ ಘಟ್ಟದ ಹೆದ್ದಾರಿ ಮುಚ್ಚಿತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲುದಾರಿಯ ಮೇಲೆ ಹಲವೆಡೆ ಮಣ್ಣು ಕುಸಿದು ಸಂಚಾರ ವಾರಗಟ್ಟಲೆ ನಿಂತಿತು. ಕಾಫಿಗೆ ಹೊತ್ತಿಗೆ ಸರಿಯಾಗಿ ಔಷಧ ಹೊಡೆದವನ ತೋಟದಲ್ಲಿಯೂ ಹೊಡೆಯದವನ ತೋಟದಲ್ಲಿಯೂ ಅಂದು ಕಾಯಿ ಉದುರಿತು.

ಆನೆಗಳ ಹಾವಳಿಯಂತೂ ಆಲೂರು ಸಕಲೇಶಪುರಗಳ ಬಾಳನ್ನೇ ಬದಲಿಸಿದೆ. ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಆನೆ ಕಾರ್ಯಪಡೆ ೨೦೧೨ರಲ್ಲಿ ವರದಿ ಸಲ್ಲಿಸಿತು. ೨೦೧೪ರ ಆಸುಪಾಸಿನಲ್ಲಿ ಆಲೂರು ಕಡೆಯಿಂದ ಇಪ್ಪತ್ತಕ್ಕೂ ಮಿಕ್ಕಿ ಆನೆಗಳನ್ನು ಹಿಡಿದು ಸಾಗಿಸಿದರು. ಅದರಿಂದ ಸಮಸ್ಯೆ ತೀರಲಿಲ್ಲ. ಕಟಾವಿಗೆ ಬಂದ ಗದ್ದೆಯನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡು ಭತ್ತದ ಬೇಸಾಯವನ್ನೇ ಬಿಟ್ಟವರು ಈ ಸೀಮೆಯಲ್ಲಿ ಹಲವರು. ವಾಸನೆ ಹಿಡಿದು ಬಂದು ಬಾಗಿಲು ಮುರಿದು ಒಳಗಿಟ್ಟ ಅಕ್ಕಿಯನ್ನು ತಿಂದ ಪ್ರಸಂಗಗಳೂ ವರದಿಯಾಗಿವೆ. ಕೂಡಿಟ್ಟುದೇ ಅಪಾಯವನ್ನು ಮನೆಬಾಗಿಲಿಗೆ ಕರೆತಂದ ವಿಚಿತ್ರ ಪರಿಸ್ಥಿತಿ ಇದು. ಹೀಗೆ ಕೈಮೀರಿದ ಎಡೆಯಲ್ಲಿ, ಮಾಡಬೇಕಾದುದನ್ನೆಲ್ಲ ಮಾಡಿದ ಮೇಲೆ, ಮನುಷ್ಯನು ದೇವರ ಮೊರೆಹೋಗುವುದಕ್ಕೆ ಅರ್ಥವಿದೆ. ಮಾಡುವುದಕ್ಕೆ ಮೊದಲೇ ಮೊರೆಹೋದವನ ನಂಬಿಕೆ ಸೋಮಾರಿತನದ ಮುಸುಕಷ್ಟೆ. ಪರೀಕ್ಷೆಯ ಬೆಳಗ್ಗೆ ಮೂರೆಳೆ ವಿಭೂತಿ ಧರಿಸಿ ಗದ್ದುಗೆಗೆ ಅಡ್ಡಬೀಳುವ ಬಾಲಕನ ಬಗೆಗೂ ಉಪಾಧ್ಯಾಯರು ಇಷ್ಟನ್ನೇ ವಿಚಾರಿಸಿಕೊಂಡರೆ ಸಾಕು. ಅವನು ಓದಿ ಅಡ್ಡಬೀಳುತ್ತಿದ್ದಾನೋ, ಓದುವುದಕ್ಕೆ ಬದಲಾಗಿ ಅಡ್ಡಬೀಳುತ್ತಿದ್ದಾನೋ ಎಂಬುದು ಉತ್ತರಪತ್ರಿಕೆಗಿಂತ ಮೊದಲು ಅವನ ಮುಖದಲ್ಲಿಯೇ ಗೊತ್ತಾಗುತ್ತದೆ.

ವ್ಯಕ್ತಿಗೆ ಹೇಳಿದ ಮಾತು ಸಂಸ್ಥೆಗೆ ಹೇಗೆ ಅನ್ವಯಿಸುತ್ತದೆ ಎಂಬುದು ಇನ್ನೂ ಬಿಗಿಯಾದ ಪ್ರಶ್ನೆ. ಮಠದ ಶಾಲೆ, ಉಚಿತ ವಿದ್ಯಾರ್ಥಿನಿಲಯಗಳು ನಿಂತಿರುವುದು ಭಕ್ತರ ಭಿಕ್ಷೆಯ ಮೇಲೆ. ಸುಗ್ಗಿಯಲ್ಲಿ ಬಂಡಿಗಟ್ಟಲೆ ಬಂದ ಭತ್ತ, ಗೃಹಿಣಿಯರು ದಿನಕ್ಕೊಂದು ಹಿಡಿಯಂತೆ ಮಡಕೆಯಲ್ಲಿ ಎತ್ತಿಟ್ಟು ಕಳಿಸಿದ ಅಕ್ಕಿ, ಇವುಗಳಿಂದಲೇ ನಾಡಿನ ಎಷ್ಟೋ ಬಡ ಮಕ್ಕಳು ಅಕ್ಷರ ಕಲಿತರು. ನಿಧಿ ಸ್ಥಾಪಿಸಿ ಬಡ್ಡಿಯಿಂದ ನಡೆಸುವುದು ಭಿಕ್ಷೆಯ ಆದರ್ಶಕ್ಕೆ ಕುಂದೆಂದು ಕೆಲವರು ಭಾವಿಸುತ್ತಾರೆ. ನಿಧಿಯಿಲ್ಲದೆ ಮಕ್ಕಳನ್ನು ಸೇರಿಸಿಕೊಳ್ಳುವುದು ಹೊಣೆಗೇಡಿತನವೆಂದು ಮತ್ತೆ ಕೆಲವರ ವಾದ. ಸೌದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು (೧೮೬೧–೧೯೦೬) ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕಾಗಿ ಮೃತ್ಯುಪತ್ರದ ಮೂಲಕ ಬಿಟ್ಟುಹೋದರು. ಅವರು ತೀರಿಕೊಂಡು ಶತಮಾನ ಕಳೆದ ಮೇಲೆಯೂ ಆ ದತ್ತಿಯ ಹೆಸರು ನಾಡಿಗೆ ಪರಿಚಿತವಾಗಿದೆ. ಭೂಮಿಯ ಆದಾಯವನ್ನು ಆಧರಿಸಿ, ನ್ಯಾಯವಾದ ಕಾಗದಪತ್ರಗಳೊಂದಿಗೆ, ಯಾರ ಹಸಿವಿಗಾಗಿ ಎಂಬುದನ್ನು ನಿಚ್ಚಳವಾಗಿ ಬರೆದು ಕಟ್ಟಿದ ಕಣಜ ಅದು. ಅದನ್ನು ಅವಿಶ್ವಾಸದ ಸಂಗ್ರಹವೆಂದು ಯಾವ ಶರಣನೂ ಕರೆಯಲಾರನು. ಕಣಜದ ಬಾಗಿಲು ಯಾರ ಕಡೆಗೆ ತೆರೆಯುತ್ತದೆ ಎಂಬುದನ್ನು ನೋಡಿಯೇ ಅದರ ಗುಣವನ್ನು ನಿರ್ಣಯಿಸಬೇಕು.

ದಾನಿಗಳು ಈ ಸಂದರ್ಭದಲ್ಲಿ ಒಂದು ವ್ಯಾವಹಾರಿಕ ಸಂಗತಿಯನ್ನು ಗಮನಿಸಬೇಕಾಗಿದೆ. ಹಿರಿಯರ ಪುಣ್ಯತಿಥಿಯಂದು ದಾಸೋಹ ನಡೆಯಲೆಂದು ‘ಶಾಶ್ವತ ನಿಧಿ’ ಇರಿಸುವುದು ಬಹು ಮಠಗಳಲ್ಲಿ ನಡೆದುಬಂದಿರುವ ಪದ್ಧತಿ. ಹಲವು ದಶಕಗಳ ಹಿಂದೆ ಸಾವಿರ ರೂಪಾಯಿ ಠೇವಣಿಗೆ ಶೇಕಡಾ ಹತ್ತರಂತೆ ನೂರು ರೂಪಾಯಿ ಬಡ್ಡಿ ಬಂದಿದ್ದರೆ ಅಂದು ಅದರಿಂದ ಮಕ್ಕಳ ಒಂದು ಪಂಕ್ತಿಗೆ ಅನ್ನವಾಗುತ್ತಿತ್ತು. ಇಂದು ಅಷ್ಟೇ ಹಣಕ್ಕೆ ಎರಡು ಕಿಲೋ ಒಳ್ಳೆಯ ಅಕ್ಕಿ ಬರುವುದೂ ಕಷ್ಟ. ಶಾಶ್ವತವೆಂದು ಹೆಸರಿಟ್ಟ ಮಾತ್ರಕ್ಕೆ ನಿಧಿ ಶಾಶ್ವತವಾಗದು. ಅಜ್ಜ ಇರಿಸಿದ ಠೇವಣಿಗೆ ಮೊಮ್ಮಗನು ಆಗಾಗ ಕೈಗೂಡಿಸಿದರೆ ಮಾತ್ರ ಆ ದಿನದ ಒಲೆ ನಿಜವಾಗಿ ಉರಿಯುತ್ತದೆ. ಇನ್ನೊಂದು ಮಾತು: ಜನವರಿಯ ಸುಗ್ಗಿಯಲ್ಲಿ ಕೊಡುವ ಕೈಗಳು ಹೆಚ್ಚು, ಉಗ್ರಾಣ ಬರಿದಾಗುವುದು ಆಗಸ್ಟು ಸೆಪ್ಟೆಂಬರಿನಲ್ಲಿ. ಮಳೆಗಾಲದಲ್ಲಿ ಕಳಿಸಿದ ಒಂದು ಮೂಟೆ ಸುಗ್ಗಿಯಲ್ಲಿ ಕಳಿಸಿದ ಎರಡು ಮೂಟೆಗೆ ಸಮನೆಂಬುದನ್ನು ಉಗ್ರಾಣ ನೋಡಿಕೊಳ್ಳುವ ಯಾರನ್ನು ಕೇಳಿದರೂ ತಿಳಿಯುತ್ತದೆ.

ಈ ಎಲ್ಲ ವಿಚಾರಕ್ಕೂ ಕಣ್ಣೆದುರಿನ ನಿದರ್ಶನ ತುಮಕೂರಿನ ಸಿದ್ಧಗಂಗಾ ಕ್ಷೇತ್ರ. ಅಟವಿ ಶಿವಯೋಗಿಗಳು ಹೊತ್ತಿಸಿದ ದಾಸೋಹದ ಒಲೆ ಅಂದಿನಿಂದ ಆರಿಲ್ಲವೆಂಬುದು ಭಕ್ತರ ನಂಬಿಕೆ. ಒಲೆ ಆರದಿರಬೇಕಾದರೆ ಪ್ರತಿದಿನ ಯಾರಾದರೊಬ್ಬರು ಸೌದೆ ಸೀಳಿರಲೇಬೇಕು. ೧೯೩೦ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿ, ೧೯೪೧ರಲ್ಲಿ ಉದ್ದಾನ ಶಿವಯೋಗಿಗಳ ತರುವಾಯ ಮಠದ ಪೂರ್ಣ ಹೊಣೆ ಹೊತ್ತ ಡಾ. ಶಿವಕುಮಾರ ಮಹಾಸ್ವಾಮಿಗಳು ಆ ಸೌದೆಯ ಲೆಕ್ಕವನ್ನೂ ಶಿವಪೂಜೆಯಷ್ಟೇ ಶ್ರದ್ಧೆಯಿಂದ ನೋಡಿಕೊಂಡವರು. ಊರೂರು ತಿರುಗಿ ಭಿಕ್ಷೆ ಮಾಡಿದರು. ರೈತರು ಭತ್ತ ರಾಗಿ ತೆಂಗು ತಂದು ಸುರಿದರು. ಜಾತ್ರೆಯ ಕಾಲದಲ್ಲಿ ಕೃಷಿ ವಸ್ತುಪ್ರದರ್ಶನ ಏರ್ಪಡಿಸಿ ಅದೇ ರೈತರಿಗೆ ಸುಧಾರಿತ ಬೇಸಾಯವನ್ನು ತೋರಿಸಿಕೊಟ್ಟರು. ಜಾತಿಮತಗಳ ಭೇದವಿಲ್ಲದೆ ಅಲ್ಲಿ ಉಂಡು ಓದುವ ಮಕ್ಕಳ ಸಂಖ್ಯೆ ಅವರ ಕೊನೆಗಾಲಕ್ಕೆ ಹತ್ತು ಸಾವಿರದ ಆಸುಪಾಸಿಗೆ ಬಂದಿತ್ತು. ದೇವರು ಕೊಡುವನೆಂಬ ವಿಶ್ವಾಸವಿಲ್ಲದವನು ಅಷ್ಟು ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಲೆಕ್ಕ ತಿಳಿಯದವನು ಅವರಿಗೆ ಒಂದು ದಿನವೂ ಉಣಬಡಿಸಲಾರನು.

೨೦೧೯ರ ಜನವರಿ ೨೧, ಸೋಮವಾರ, ಬೆಳಗ್ಗೆ ೧೧ ಗಂಟೆ ೪೪ ನಿಮಿಷಕ್ಕೆ ಶ್ರೀಗಳು ಲಿಂಗೈಕ್ಯರಾದರು. ಸುದ್ದಿಯನ್ನು ಆಗಲೇ ಹೊರಗೆ ಹೇಳಲಿಲ್ಲ. ತಾವು ಯಾವಾಗ ಹೋದರೂ ಮಕ್ಕಳು ಹಸಿದಿರಬಾರದು, ಅವರ ಊಟ ಮುಗಿಯುವವರೆಗೆ ತಿಳಿಸಬಾರದು ಎಂಬುದು ಶ್ರೀಗಳ ಇಚ್ಛೆಯಾಗಿತ್ತು. ಎಂದಿನಂತೆ ಮಕ್ಕಳು ಸಾಲಾಗಿ ಕುಳಿತು ಉಂಡರು. ಅವರು ಕೈ ತೊಳೆದು ಎದ್ದ ಮೇಲೆ ಮಧ್ಯಾಹ್ನ ನಾಡಿಗೆ ಸುದ್ದಿಯನ್ನು ತಿಳಿಸಲಾಯಿತು.